ಯಾರದೋ ಪುಸ್ತಕ, ಎಲ್ಲಮ್ಮನ ಜಾತ್ರೆ

ಕಳೆದ ಮಳೆಗಾಲದ ಒಂದು ರಾತ್ರಿ ಹತ್ತೂವರೆಗೆ ನನ್ನ ಪುಸ್ತಕ ನನಗೇ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಓದುಗರ ಗುಂಪೊಂದರಲ್ಲಿ, ಗುಡ್‌ನೈಟ್ ಸಂದೇಶಗಳ ನಡುವೆ, 184 ಪುಟಗಳ ಪಿಡಿಎಫ್. ಕೆಳಗೊಂದು ಸಾಲು: ‘ಅಪರೂಪದ ಪುಸ್ತಕ. ಓದಿ, ಓದಿಸಿ.’ ಪುಸ್ತಕ ಬಂದು ಆಗ ಹದಿನಾಲ್ಕು ತಿಂಗಳು. ಅಪರೂಪವಾಗುವ ವಯಸ್ಸು ಅದಕ್ಕಿನ್ನೂ ಆಗಿರಲಿಲ್ಲ.

ತೆರೆದು ನೋಡಿದೆ. ಮೊದಲ ಪುಟದಲ್ಲಿ ಯಾವುದೋ ಗ್ರಂಥಾಲಯದ ನೇರಳೆ ಮೊಹರು. ಮೊಬೈಲ್‌ನಲ್ಲಿ ಒಂದೊಂದೇ ಪುಟದ ಫೋಟೊ ತೆಗೆದು ಪೋಣಿಸಿದ್ದರು. ಕೆಲವು ಪುಟಗಳ ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ, 47ನೇ ಪುಟದ ಅಂಚಿನಲ್ಲಿ ಪುಸ್ತಕ ಮಡಚಿಕೊಳ್ಳದಂತೆ ಒತ್ತಿ ಹಿಡಿದ ಹೆಬ್ಬೆರಳು. ಕೋಪ ಬರಬೇಕಿತ್ತು. ಮೊದಲು ಬಂದದ್ದು ಖುಷಿ. ಯಾರೋ ಪುಣ್ಯಾತ್ಮರು ನನ್ನ ಪುಸ್ತಕಕ್ಕಾಗಿ ಇಷ್ಟು ಹೊತ್ತು ಕೂತಿದ್ದಾರಲ್ಲ! ಕೋಪ ಬಂದದ್ದು ಮರುದಿನ ಬೆಳಿಗ್ಗೆ, ಗುಂಪಿನ ಸದಸ್ಯರೆಷ್ಟು ಎಂದು ನೋಡಿದಾಗ. 912 ಜನ. ನನ್ನ ಪುಸ್ತಕ ಅಚ್ಚಾಗಿದ್ದೇ ಒಂದು ಸಾವಿರ ಪ್ರತಿ.

ಕನ್ನಡ ಪುಸ್ತಕದ ಲೆಕ್ಕ ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ. ನನ್ನ ಪುಸ್ತಕದ ಬೆಲೆ 250 ರೂಪಾಯಿ. ಅದರಲ್ಲಿ ನೂರರ ಆಸುಪಾಸು ಮಾರಾಟಗಾರರಿಗೇ ಹೋಗುತ್ತದೆ. ಕಾಗದ, ಡಿಟಿಪಿ, ಕರಡು ತಿದ್ದಿದವರು, ಮುಖಪುಟ ಬರೆದವರು, ಮುದ್ರಣ, ಬೈಂಡಿಂಗ್, ಗೋದಾಮಿನ ಬಾಡಿಗೆ, ಅಂಚೆ ಎಲ್ಲವೂ ಉಳಿದದ್ದರಲ್ಲೇ ಆಗಬೇಕು. ಲೇಖಕನ ರಾಯಧನ ಸಾಮಾನ್ಯವಾಗಿ ನೂರಕ್ಕೆ ಹತ್ತು. ಅಂದರೆ ಪ್ರತಿಗೆ 25 ರೂಪಾಯಿ. ಸಾವಿರವೂ ಖರ್ಚಾದರೆ 25,000. ಖರ್ಚಾಗಲು ಎರಡು ಮೂರು ವರ್ಷ ಬೇಕು. ಬರೆಯಲು ನನಗೆ ಹಿಡಿದದ್ದು ನಾಲ್ಕು ವರ್ಷ. ತಿಂಗಳಿಗೆ ಎಷ್ಟು ಬಿತ್ತು ಎಂದು ನಾನು ಭಾಗಿಸಿ ನೋಡಿಲ್ಲ. ಮನೆಯವರು ನೋಡಿದ್ದಾರೆ.

ಗುಂಪಿನ ಅಡ್ಮಿನ್‌ಗೆ ಫೋನ್ ಮಾಡಿದೆ. ಮಲೆನಾಡಿನ ಒಂದು ಹೋಬಳಿ ಊರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೆಸರು ಹೇಳಿಕೊಂಡೆ.

‘ಅಯ್ಯೋ, ಅದು ನಿಮ್ಮ ಪುಸ್ತಕಾನಾ ಸಾರ್? ಹೆಸರು ಸರಿಯಾಗಿ ನೋಡ್ಲೇ ಇಲ್ಲ ನೋಡಿ. ಆದ್ರೆ ಬಹಳ ಚೆನ್ನಾಗಿದೆ. ಮೂರು ರಾತ್ರಿ ಕೂತು ಫೋಟೊ ಹೊಡ್ದಿದೀನಿ.’

184 ಪುಟ ಫೋಟೊ ಹೊಡೆದವರ ಕಣ್ಣಿಗೆ ಮುಖಪುಟದ ಹೆಸರು ಬಿದ್ದಿರಲಿಲ್ಲ. ಲೇಖಕನ ಜಂಬಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

‘ಮೇಷ್ಟ್ರೇ, ಅದು ಅಂಗಡೀಲಿ ಸಿಗೋ ಪುಸ್ತಕ. ಹೀಗೆ ಹಂಚಿದ್ರೆ ಯಾರು ಕೊಳ್ತಾರೆ?’

‘ಯಾವ ಅಂಗಡಿ ಸಾರ್? ನಮ್ಮೂರಿಂದ ತಾಲ್ಲೂಕಿಗೆ ಇಪ್ಪತ್ತೆರಡು ಕಿಲೋಮೀಟರು. ಅಲ್ಲಿನ ಬುಕ್ ಸ್ಟಾಲಲ್ಲಿ ಇರೋದು ನೋಟ್‌ಬುಕ್ಕು, ಗೈಡು, ಹುಟ್ಟುಹಬ್ಬದ ಟೋಪಿ. ಈ ಪುಸ್ತಕ ನಾನು ನೋಡಿದ್ದೇ ಮಗಳ ಊರಿನ ಲೈಬ್ರರೀಲಿ. ಒಂದು ವಾರದಲ್ಲಿ ವಾಪಸ್ ಕೊಡ್ಬೇಕಿತ್ತು. ಚೆನ್ನಾಗಿರೋದನ್ನ ನಾನೊಬ್ನೇ ಓದಿ ಸುಮ್ನಿರೋದು ಸರೀನಾ, ನೀವೇ ಹೇಳಿ.’

ಏನು ಹೇಳಬೇಕೆಂದು ತೋಚಲಿಲ್ಲ. ಮತ್ತೆ ಮಾಡುತ್ತೇನೆಂದು ಫೋನ್ ಇಟ್ಟೆ.

ಪೈರಸಿ ಎಂದ ತಕ್ಷಣ ಕಣ್ಣಮುಂದೆ ಬರುವವರು ಬೇರೆ. ಶುಕ್ರವಾರ ತೆರೆಕಂಡ ಸಿನಿಮಾವನ್ನು ಶನಿವಾರದೊಳಗೆ ಟೆಲಿಗ್ರಾಂಗೆ ಏರಿಸಿ, ಪಕ್ಕದಲ್ಲಿ ಜೂಜಿನ ಜಾಹೀರಾತು ಹಾಕಿ ಕಾಸು ಎಣಿಸುವವರು. ಅವರ ವಿಷಯದಲ್ಲಿ ನೀತಿಯ ಚರ್ಚೆ ಬೇಕಾಗಿಲ್ಲ, ಪೊಲೀಸರು ಸಾಕು. 2023ರ ತಿದ್ದುಪಡಿಯ ಬಳಿಕ ಸಿನಿಮಾಟೊಗ್ರಾಫ್ ಕಾಯ್ದೆಯಲ್ಲಿ ಅವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ ಇದೆ. ನನ್ನನ್ನು ಕಾಡಿದ್ದು ಮೇಷ್ಟ್ರು. ಬಿಡಿಗಾಸಿನ ಲಾಭವಿಲ್ಲದೆ ಮೂರು ರಾತ್ರಿ ನಿದ್ದೆಗೆಟ್ಟವರನ್ನು ಕಳ್ಳ ಎನ್ನಲು ನಾಲಿಗೆ ಏಳುವುದಿಲ್ಲ.

ಅಷ್ಟೇ ಆದರೆ ಸರಿ, ಅವರ ಬೆನ್ನಿಗೆ ಸಾವಿರ ವರ್ಷದ ಕನ್ನಡ ಪರಂಪರೆಯೇ ನಿಂತಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು. ಅಷ್ಟೂ ಪುಕ್ಕಟೆ. ಇವತ್ತು ಕಾದಂಬರಿಯ ಮೊದಲ ಮುದ್ರಣವೂ ಸಾವಿರ, ವಾಟ್ಸ್‌ಆ್ಯಪ್ ಗುಂಪಿನ ಮಿತಿ 1,024. ಕನ್ನಡದ ಓದುಗರ ಪಂಕ್ತಿ ಅಂದಿನಿಂದ ಇಂದಿನವರೆಗೆ ಸಾವಿರ ಎಲೆಗೇ ಯಾಕೆ ನಿಲ್ಲುತ್ತದೋ ಕಾಣೆ. ಪ್ರತಿ ಮಾಡುವುದು ನಮ್ಮಲ್ಲಿ ಪಾಪವಾಗಿರಲಿಲ್ಲ, ಶಾಸ್ತ್ರದಾನ ಎಂಬ ಪುಣ್ಯವಾಗಿತ್ತು. ನಕಲು ಮಾಡುವವರು ಇಲ್ಲದಿದ್ದರೆ ಪಂಪನೂ ಇಲ್ಲ, ರನ್ನನೂ ಇಲ್ಲ. ಎಷ್ಟೋ ಓಲೆಕಟ್ಟುಗಳ ಕೊನೆಯಲ್ಲಿ ಲಿಪಿಕಾರ ತನ್ನ ಬೆನ್ನು ಬಾಗಿದ್ದನ್ನು, ಕತ್ತು ನೊಂದದ್ದನ್ನು, ಕಣ್ಣು ಮಂಜಾದದ್ದನ್ನು ಹೇಳಿಕೊಂಡು, ಪುಸ್ತಕವನ್ನು ಜೋಪಾನ ಮಾಡಿ ಎಂದು ಬೇಡಿಕೊಂಡಿರುತ್ತಾನೆ. 47ನೇ ಪುಟದ ಹೆಬ್ಬೆರಳು ಆ ಲಿಪಿಕಾರನ ವಂಶದ್ದೇ.

ಆದರೆ ಅತ್ತಿಮಬ್ಬೆಯ ಕತೆಯಲ್ಲಿ ನಾವು ಸಾಮಾನ್ಯವಾಗಿ ಹೇಳದೆ ಬಿಡುವ ಭಾಗವೊಂದಿದೆ. ಪೊನ್ನನಿಂದ ಆ ಪುರಾಣವನ್ನು ಬರೆಸಿದವರು ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು. ಮಲ್ಲಪ ಅತ್ತಿಮಬ್ಬೆಯ ತಂದೆ. ಕವಿಗೆ ಸಲ್ಲಬೇಕಾದದ್ದು ಅವಳ ತವರಿನಿಂದ ಸಂದಿತ್ತು, ಸಾವಿರ ಪ್ರತಿ ಬರೆದವರ ಕೂಲಿ ಅವಳ ಗಂಟಿನಿಂದ ಹೋಯಿತು. ಮುಂದೆ ರನ್ನನಿಗೆ ಆಸರೆ ಕೊಟ್ಟು 993ರಲ್ಲಿ ‘ಅಜಿತಪುರಾಣ’ ಬರೆಸಿದವಳೂ ಅವಳೇ. ಹಂಚಿದ್ದು ಪುಕ್ಕಟೆ, ಆದದ್ದು ಪುಕ್ಕಟೆಯಲ್ಲ. ಅವಳದ್ದು ಅವಳದೇ ದುಡ್ಡಿನ ಜಾತ್ರೆ. ನಾವು ಈಗ ಮಾಡುತ್ತಿರುವುದಕ್ಕೆ ಊರಿನಲ್ಲಿ ಬೇರೆಯೇ ಗಾದೆಯಿದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಹೀಗೆಂದು ಬರೆಯುವ ನಾನೇನು ಸಾಚಾ ಅಲ್ಲ. ಕಾಲೇಜಿನ ದಿನಗಳಲ್ಲಿ ಬೇಕಾದ ಹಾಡುಗಳ ಚೀಟಿ ಬರೆದು ಕ್ಯಾಸೆಟ್ ಅಂಗಡಿಗೆ ಕೊಟ್ಟರೆ ಎರಡು ದಿನದಲ್ಲಿ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಇಟ್ಟಿರುತ್ತಿದ್ದರು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ನನ್ನ ಬಳಿ ಇದ್ದದ್ದು ಅದರ ನಕಲಿನ ನಕಲು. ಹಾಡಿಗಿಂತ ಮೊದಲು ಒಗ್ಗರಣೆ ಹಾಕಿದಂಥ ಚುಂಯ್ ಶಬ್ದ ಬರುತ್ತಿತ್ತು. ವರ್ಷಗಟ್ಟಲೆ ಕೇಳಿದೆ. ಕವಿ ನಿಸಾರ್ ಅಹಮದ್ ಅವರಿಗಾಗಲಿ ರಾಗ ಹಾಕಿದ ಮೈಸೂರು ಅನಂತಸ್ವಾಮಿ ಅವರಿಗಾಗಲಿ ನನ್ನ ಜೇಬಿನಿಂದ ಒಂದು ಪೈಸೆ ಹೋಗಿಲ್ಲ. ಆ ಮೇಲೆ ಮೆಜೆಸ್ಟಿಕ್ ಫುಟ್‌ಪಾತ್‌ನ ಸಿ.ಡಿ.ಗಳು, ಪೆನ್‌ಡ್ರೈವ್‌ಗಳು. ನನ್ನ ತಲೆಮಾರಿನಲ್ಲಿ ಕೈ ತೊಳೆದುಕೊಂಡು ಮಾತಾಡುವವರು ಯಾರಾದರೂ ಇದ್ದರೆ ಅವರ ಮನೆಯಲ್ಲಿ ಟೇಪ್‌ರೆಕಾರ್ಡರೇ ಇರಲಿಲ್ಲವೆಂದು ಅರ್ಥ.

ಎರಡನೇ ಸಲ ಫೋನ್ ಮಾಡಿದಾಗ ಮೇಷ್ಟ್ರು ಇನ್ನೊಂದು ಪ್ರಶ್ನೆ ತೆಗೆದರು. ‘ಕದಿಯೋದು ಅಂದ್ರೆ ಇದ್ದ ವಸ್ತು ಹೋಗ್ಬೇಕಲ್ವ ಸಾರ್. ನಿಮ್ಮ ಪುಸ್ತಕ ನಿಮ್ಮ ಹತ್ರಾನೇ ಇದೆ. ಲೈಬ್ರರಿ ಪ್ರತಿ ಲೈಬ್ರರೀಲಿದೆ. ಹೋಗಿದ್ದೇನು?’

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಕೊಡಪಾನ ಕದ್ದರೆ ಮನೆಯವರಿಗೆ ನೀರಿಲ್ಲ, ಪಿಡಿಎಫ್ ಮಾಡಿದರೆ ಯಾರ ಮನೆಯಲ್ಲೂ ಏನೂ ಕಡಿಮೆಯಾಗುವುದಿಲ್ಲ. ಕಂಪನಿಗಳವರು ಪ್ರತಿ ಡೌನ್‌ಲೋಡನ್ನೂ ಒಂದು ಮಾರಾಟದ ನಷ್ಟವೆಂದು ಬರೆದುಕೊಳ್ಳುವುದು ಶುದ್ಧ ಲೊಳಲೊಟ್ಟೆ. ಆ 912 ಜನರಲ್ಲಿ ಮುಕ್ಕಾಲು ಪಾಲು ಫೈಲನ್ನು ತೆರೆದೇ ಇರುವುದಿಲ್ಲ. ನನಗೆ ಇದಕ್ಕೆ ಹೊಂದುವ ಹೋಲಿಕೆ ಸಿಕ್ಕಿದ್ದು ದೇವಸ್ಥಾನದ ಹರಿಕಥೆಯಲ್ಲಿ. ಇನ್ನೊಬ್ಬ ಬಂದು ಕೂತರೆ ದಾಸರ ಹಾಡು ಸವೆಯುವುದಿಲ್ಲ. ಕೊನೆಗೆ ಮಂಗಳಾರತಿ ತಟ್ಟೆ ಬರುತ್ತದೆ. ಹಾಕಲು ಇಲ್ಲದವನನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ, ಅವನೂ ಆರತಿ ತೆಗೆದುಕೊಂಡು ಹೋಗುತ್ತಾನೆ. ಜೇಬಿನಲ್ಲಿ ಇದ್ದವನು ಮೂರು ಗಂಟೆ ಕೂತು ಕೇಳಿ, ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಚಪ್ಪಲಿ ಹುಡುಕಿಕೊಂಡು ಹೊರಟರೆ ಅದಕ್ಕೆ ಕಳ್ಳತನ ಎನ್ನುತ್ತಾರೋ ಇಲ್ಲವೋ, ಅಕ್ಕಪಕ್ಕದವರು ಮಾತ್ರ ಅವನ ಮುಖ ನೋಡುತ್ತಾರೆ. ದಾಸರ ಮನೆ ನಡೆಯುವುದು ಆ ತಟ್ಟೆಯಿಂದ. ಪಿಡಿಎಫ್‌ನ ದೋಷ ನನ್ನ ಪ್ರಕಾರ ಇಷ್ಟೇ: ಅದು ತಟ್ಟೆಯನ್ನೇ ಎತ್ತಿಟ್ಟುಬಿಡುತ್ತದೆ. ಕೊಡಬೇಕೆಂದುಕೊಂಡವನಿಗೂ ಎಲ್ಲಿ ಕೊಡಬೇಕೆಂದು ಗೊತ್ತಾಗುವುದಿಲ್ಲ.

ಕಾನೂನಿನ ಪುಸ್ತಕವೂ ಜನ ಅಂದುಕೊಂಡಷ್ಟು ಕಲ್ಲೆದೆಯದಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ ಜಾಗ ಬಿಟ್ಟಿದೆ. ಕಣ್ಣು ಕಾಣದವರು ಓದಲು ಬೇಕಾದ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿಕೊಂಡರೆ ತಪ್ಪಲ್ಲವೆಂದು 2012ರಲ್ಲಿ ಸೇರಿಸಿತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶನಗಳು ಮೊಕದ್ದಮೆ ಹೂಡಿದಾಗ, ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ವಿದ್ಯಾರ್ಥಿಗಳಿಗಾಗಿ ಪ್ರತಿ ಮಾಡುವುದು ತಪ್ಪಲ್ಲವೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಅಂಗಡಿಯ ಪರ ನಿಂತವರಲ್ಲಿ ಅಮರ್ತ್ಯ ಸೇನ್ ಅವರೂ ಇದ್ದರು. ಆ ತೀರ್ಪು ನನಗೆ ಸರಿಯೆನಿಸುತ್ತದೆ. ಸಂಬಳದ ಮೇಲೆ ಬದುಕುವ ಪ್ರಾಧ್ಯಾಪಕರ ಸಾವಿರಾರು ರೂಪಾಯಿ ಬೆಲೆಯ ಪುಸ್ತಕದ ಒಂದು ಅಧ್ಯಾಯ ಬೇರೆ, 250 ರೂಪಾಯಿಯ ಕನ್ನಡ ಕಾದಂಬರಿ ರಕ್ಷಾಪುಟದಿಂದ ಬೆನ್ನುಡಿಯವರೆಗೆ 912 ಜನರ ಕೈಸೇರುವುದು ಬೇರೆ.

ಹಾಗೆಯೇ ಅಚ್ಚಿನಲ್ಲಿಲ್ಲದ ಪುಸ್ತಕದ ವಿಷಯವೂ ಬೇರೆ. ಇಲ್ಲಿ ನಾನು ಮೇಷ್ಟ್ರ ಪಕ್ಷ. ನಲವತ್ತು ವರ್ಷದ ಹಿಂದೆ ಒಮ್ಮೆ ಮುದ್ರಣವಾಗಿ, ಪ್ರಕಾಶನವೂ ಮುಚ್ಚಿಹೋಗಿ, ಹಕ್ಕು ಯಾರ ಬಳಿ ಇದೆಯೆಂದು ಮಕ್ಕಳಿಗೂ ಗೊತ್ತಿಲ್ಲದ ನೂರಾರು ಕನ್ನಡ ಪುಸ್ತಕಗಳಿವೆ. ಗೆದ್ದಲಿಗೂ ಸ್ಕ್ಯಾನರ್‌ಗೂ ಪೈಪೋಟಿ ಬಿದ್ದರೆ ನಾನು ಸ್ಕ್ಯಾನರ್ ಗೆಲ್ಲಲಿ ಎನ್ನುವವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿತು. ಹಕ್ಕಿನ ತಕರಾರುಗಳ ನಡುವೆ ಆ ಜಾಲತಾಣ ನಿಂತಿತು, ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡವು. ಕನ್ನಡದಲ್ಲಿ ಸಂಶೋಧನೆ ಮಾಡುವ ಯಾರೂ ಅದರ ಋಣ ಇಲ್ಲವೆನ್ನಲಾರರು. ಇನ್ನು ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಕೃತಿ ಎಲ್ಲರದ್ದು. ತ್ರಿವೇಣಿ ಮತ್ತು ಮಂಜೇಶ್ವರ ಗೋವಿಂದ ಪೈ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. ಅವರ ಬರಹವೆಲ್ಲ 2024ರ ಜನವರಿ 1ರಿಂದ ನಾಡಿನ ಸ್ವತ್ತು. ‘ಬೆಳ್ಳಿಮೋಡ’, ‘ಶರಪಂಜರ’ ಕಾದಂಬರಿಗಳನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಅಚ್ಚು ಹಾಕಬಹುದು, ಮೇಷ್ಟ್ರು ಮೂರಲ್ಲ ಮೂವತ್ತು ರಾತ್ರಿ ಕೂರಬಹುದು. ದಿನಬೆಳಗಾದರೆ ನಾವೆಲ್ಲ ಫಾರ್ವರ್ಡ್ ಮಾಡುವ ಡಿ.ವಿ.ಜಿ. ಅವರ ಕಗ್ಗ ಮಾತ್ರ 2035ರ ಕೊನೆಯವರೆಗೆ ಹಕ್ಕುಳ್ಳದ್ದು. ನಾಲ್ಕು ಸಾಲು ಕಳಿಸಿದರೆ ಯಾರೂ ಜೈಲಿಗೆ ಹಾಕುವುದಿಲ್ಲ, ಗಾಬರಿ ಬೇಡ.

ಪುಕ್ಕಟೆ ಕೊಡುವುದು ಲೇಖಕರಿಗೆ ಲಾಭ ಎನ್ನುವವರು ಪಾವ್ಲೊ ಕೊಯೆಲೊ ಹೆಸರು ತೆಗೆಯುತ್ತಾರೆ. ತಮ್ಮ ಪುಸ್ತಕಗಳ ನಕಲುಗಳತ್ತ ಓದುಗರನ್ನು ತಾವೇ ಕಳಿಸಿ, ಅದರಿಂದ ಮಾರಾಟ ಏರಿತೆಂದು ಹೇಳಿಕೊಂಡವರು ಅವರು. ಅಷ್ಟು ದೂರ ಹೋಗಬೇಕಿಲ್ಲ. ನಿರಂಜನರ ಪುಸ್ತಕಗಳನ್ನು ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಓದಬಹುದು, ಹಂಚಬಹುದು. ಎರಡೂ ಕಡೆ ಕೊಟ್ಟವರು ಕೊಡುವ ಹಕ್ಕಿದ್ದವರು. ‘ನಿಮಗೆ ಪ್ರಚಾರ ಸಿಗುತ್ತೆ ಬಿಡಿ’ ಎಂದು ನನ್ನ ಪರವಾಗಿ ಬೇರೊಬ್ಬರು ತೀರ್ಮಾನಿಸುವುದು ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತೆ.

ಪ್ರಕಾಶಕರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆ. ಸಾವಿರ ಎಂದು ಹೇಳಿ ಎಷ್ಟು ಹಾಕಿದರೋ ಗೊತ್ತಿಲ್ಲ, ಲೆಕ್ಕ ಕೊಡುವುದಿಲ್ಲ, ರಾಯಧನದ ಬದಲು ಐವತ್ತು ಪ್ರತಿ ಕಟ್ಟಿ ಕಳಿಸುತ್ತಾರೆ ಎಂಬ ದೂರುಗಳು ಲೇಖಕರು ನಾಲ್ಕು ಜನ ಸೇರಿದಲ್ಲೆಲ್ಲ ಕೇಳುತ್ತವೆ. ತಟ್ಟೆಗೆ ಬಿದ್ದದ್ದು ದಾಸರಿಗೆ ಮುಟ್ಟದಿದ್ದರೆ ಭಕ್ತರು ಹಾಕುವುದು ಬಿಡುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರಂಥವರು ತಮ್ಮದೇ ಪ್ರಕಾಶನ ಕಟ್ಟಿಕೊಂಡದ್ದು, ವಸುಧೇಂದ್ರ ‘ಛಂದ ಪುಸ್ತಕ’ ಶುರುಮಾಡಿದ್ದು ಸುಮ್ಮನೆ ಅಲ್ಲ.

ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ, ‘ಯಾವ ಅಂಗಡಿ ಸಾರ್’ ಎಂಬುದು, ಇನ್ನೂ ಹಾಗೇ ಇದೆ. 2016ರ ಕೊನೆಯಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳು ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಪುಸ್ತಕದ ಬೆಲೆಗಿಂತ ಅಂಚೆವೆಚ್ಚ ಹೆಚ್ಚು. ನಮ್ಮ ಹಳೆಯ ಪುಸ್ತಕಗಳ ಡಿಟಿಪಿ ಫೈಲುಗಳು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿವೆ. ಅವನ್ನು ಯುನಿಕೋಡ್‌ಗೆ ತಂದು, ಒತ್ತಕ್ಷರ ಕೈಕೊಟ್ಟಲ್ಲೆಲ್ಲ ಕೂತು ತಿದ್ದುವವರು ಬೇಕು. ಇದೆಲ್ಲದರ ನಡುವೆಯೂ 2020ರಲ್ಲಿ ಶುರುವಾದ ಮೈಲ್ಯಾಂಗ್ ಕನ್ನಡದ ಇ–ಪುಸ್ತಕ, ಆಡಿಯೊ ಪುಸ್ತಕಗಳನ್ನು ಮೊಬೈಲ್‌ಗೆ ತಂದಿತು. ಗೂಗಲ್ ಪ್ಲೇಯಲ್ಲೂ ಕನ್ನಡ ಪುಸ್ತಕ ಸಿಗುತ್ತದೆ. 2025ರ ಮೇ 1ರಂದು ಅಂಚೆ ಇಲಾಖೆ ಜ್ಞಾನ ಪೋಸ್ಟ್ ಶುರುಮಾಡಿದಾಗ 300 ಗ್ರಾಂವರೆಗಿನ ಪುಸ್ತಕಕ್ಕೆ ಇಟ್ಟ ದರ 20 ರೂಪಾಯಿ. ಸಿಗುವುದೇ ಇಲ್ಲ ಎಂಬ ಮಾತು ಹತ್ತು ವರ್ಷದ ಹಿಂದೆ ಇದ್ದಷ್ಟು ನಿಜ ಈಗಿಲ್ಲ. ಪೂರ್ತಿ ಸುಳ್ಳೂ ಆಗಿಲ್ಲ.

ಓದುಗರು ದುಡ್ಡು ಕೊಡುವುದಿಲ್ಲ ಎಂದು ಗೊಣಗುವವರಿಗೆ ಧಾರವಾಡ ನೆನಪಿಸಬೇಕು. 1933ರಲ್ಲಿ ಜಿ.ಬಿ. ಜೋಶಿ ಅಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಬಂಡವಾಳವಾಗಿ ನಂಬಿದ್ದು ಚಂದಾದಾರರನ್ನು. ಮುಂದೆ ಯಾವ ಪುಸ್ತಕ ಬರುತ್ತದೆಂದು ತಿಳಿಯದೆಯೇ ಜನ ಮುಂಗಡ ಕಟ್ಟಿದರು. ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು ಆ ಮಾಲೆಯಲ್ಲಿ. ಅದಕ್ಕೂ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮನೆ ಬಾಗಿಲಿಗೆ ಬಂದ ಲೇಖಕನಿಗೆ ಕೊಂಡವರು ಕೊಟ್ಟ ಕಾಸು ನಡುವೆ ಯಾರ ಕೈಗೂ ಸಿಗದೆ ಸೇರುತ್ತಿತ್ತು. ನಮ್ಮ ಕಾಲದಲ್ಲಿ ಪವನ್ ಕುಮಾರ್ ಅವರ 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನ ಸಿನಿಮಾ ಶುರುವಾಗುವ ಮೊದಲೇ ಹಣ ಹಾಕಿದರು. 2024ರಲ್ಲಿ ‘ಏಕಂ’ ವೆಬ್ ಸರಣಿಯನ್ನು ಕೊಳ್ಳುವ ಒಟಿಟಿ ಸಿಗದಿದ್ದಾಗ ರಕ್ಷಿತ್ ಶೆಟ್ಟಿ ಅದಕ್ಕಾಗಿಯೇ ಜಾಲತಾಣ ಮಾಡಿ ನೇರವಾಗಿ ನೋಡುಗರಿಗೆ ಮಾರಿದರು. ತಟ್ಟೆ ಕಣ್ಣಿಗೆ ಬಿದ್ದಾಗ ಕನ್ನಡಿಗರ ಕೈ ಜೇಬಿಗೆ ಹೋದ ಉದಾಹರಣೆಗಳು ಇವು.

ಮೂರನೇ ಸಲ ಮೇಷ್ಟ್ರೇ ಫೋನ್ ಮಾಡಿದರು. ತಮ್ಮ ಫೋನಿನಿಂದ ಫೈಲ್ ಅಳಿಸಿದ್ದೇನೆ ಎಂದರು. ಎಲ್ಲರ ಫೋನಿನಿಂದಲೂ ಅಳಿಸುವ ಗಡುವು ಮೀರಿತ್ತಂತೆ, ಮೊಮ್ಮಗಳನ್ನು ಕರೆದು ಅಡ್ಮಿನ್‌ಗೆ ಏನಾದರೂ ದಾರಿ ಇದೆಯಾ ಎಂದು ನೋಡಿಸಿದರಂತೆ, ಆಗಲಿಲ್ಲವಂತೆ. ‘ಇಳಿಸ್ಕೊಂಡೋರು ಇಳಿಸ್ಕೊಂಡಿರ್ತಾರೆ ಸಾರ್, ಅದಕ್ಕೆ ನಾನೇನೂ ಮಾಡೋಕಾಗಲ್ಲ’ ಎಂದು ಪೇಚಾಡಿಕೊಂಡರು. ಅದೇ ಗುಂಪಿನಲ್ಲಿ ಪುಸ್ತಕದ ಮುಖಪುಟದ ಫೋಟೊ ಹಾಕಿ, ಪ್ರಕಾಶಕರ ಫೋನ್ ನಂಬರ್ ಕೊಟ್ಟು, ಕೆಳಗೆ ಬರೆದಿದ್ದರು: ‘ಓದಿದವರು ಕೊಳ್ಳಿ. ಆಗದವರು ನನ್ನನ್ನು ಕೇಳಿ, ನನ್ನ ಪ್ರತಿ ಕಳಿಸುತ್ತೇನೆ, ವಾಪಸ್ ಮಾಡಿ.’ ಈ ಸಲ ಲೇಖಕರ ಹೆಸರೂ ಇತ್ತು. ಒಂದು ಅಕ್ಷರ ತಪ್ಪಿತ್ತು, ನಾನು ತಿದ್ದಲು ಹೋಗಲಿಲ್ಲ.

ಆ ತಿಂಗಳ ಕೊನೆಯಲ್ಲಿ ಪ್ರಕಾಶಕರನ್ನು ವಿಚಾರಿಸಿದೆ. ಗುಂಪಿನಿಂದ ಬಂದದ್ದು ಹನ್ನೊಂದು ಆರ್ಡರ್, ಅದರಲ್ಲಿ ಎರಡು ಮೇಷ್ಟ್ರದ್ದೇ. ನನ್ನ ಪಾಲಿನ ರಾಯಧನ 275 ರೂಪಾಯಿ.